ಮಗೂಗೆ ಕಿವಿ ಟೆಸ್ಟಲ್ಲಿ ಎರಡನೇ ಸಲಾನೂ ‘ರೆಫರ್’ ಬಂತು, ಬೆರಾ ಮಾಡಿಸ್ಲೇಬೇಕಾ?

ಬಾಣಂತಿ_ಚಿಕ್ಕಮಗಳೂರು
ಎಲ್ಲರಿಗೂ ನಮಸ್ಕಾರ, ತಲೆ ಕೆಟ್ಟು ಹೋಗಿದೆ ಅದಕ್ಕೆ ಇಲ್ಲಿ ಕೇಳ್ತಾ ಇದೀನಿ. ಮಗಳಿಗೆ ಈಗ ಎರಡನೇ ತಿಂಗಳು. ಹುಟ್ಟಿದ ಮಾರನೇ ದಿನಾನೇ ಆಸ್ಪತ್ರೇಲಿ ಓಎಇ ಅಂತ ಮಾಡಿದ್ರು, ಕಿವಿಯೊಳಗೆ ಸಣ್ಣ ರಬ್ಬರ್ ತುದಿ ಇಟ್ಟು ಒಂದೆರಡು ನಿಮಿಷ ಅಷ್ಟೇ, ಎರಡೂ ಕಿವಿಗೆ ರೆಫರ್ ಅಂತ ಬಂತು. ಗಾಬರಿ ಬೇಡ, ಕೆಲವು ವಾರ ಬಿಟ್ಟು ಬನ್ನಿ ಅಂದ್ರು. ಮತ್ತೆ ಹೋದಾಗ ಬಲಗಿವಿ ಪಾಸ್, ಎಡಗಿವಿ ಮತ್ತೆ ರೆಫರ್. ಈಗ ಬೆರಾ ಅಂತ ಇನ್ನೊಂದು ಕಿವಿ ಟೆಸ್ಟ್ ಮಾಡಿಸಿ ಅಂತ ಚೀಟಿ ಬರ್ದು ಕೊಟ್ಟಿದ್ದಾರೆ.

ಮನೇಲಿ ಯಾರೂ ಒಪ್ತಿಲ್ಲ. ಅತ್ತೆ ಹೇಳೋದು, ಬಾಗ್ಲು ಬಡಿದ್ರೆ ಕೂಸು ಬೆಚ್ಚಿ ಬೀಳುತ್ತೆ, ಕುಕ್ಕರ್ ಕೂಗಿದ್ರೆ ಎದ್ದು ಅಳುತ್ತೆ, ಕಿವಿ ಕೇಳದೇ ಇದ್ರೆ ಹೀಗಾಗುತ್ತಾ ಅಂತ. ತಲೆಗೆ ವೈರ್ ಅಂಟಿಸ್ತಾರಂತೆ, ಔಷಧಿ ಕುಡಿಸಿ ಮಲಗಿಸ್ತಾರಂತೆ, ಇಷ್ಟು ಎಳೇ ಮಗೂಗೆ ಬೇಡ, ವರ್ಷ ತುಂಬ್ಲಿ ನೋಡೋಣ ಅಂತಿದ್ದಾರೆ. ನಮ್ಮೆಜಮಾನ್ರು ಅಮ್ಮನ ಮಾತು ತೆಗೆದು ಹಾಕೋರಲ್ಲ. ನಿಜವಾಗ್ಲೂ ಕಾಯಬಹುದಾ? ಬೆರಾದಲ್ಲಿ ಕರೆಂಟ್ ಏನಾದ್ರೂ ಕೊಡ್ತಾರಾ? ಮಾಡಿಸಿದವರು ಯಾರಾದ್ರೂ ಹೇಳಿ ಪ್ಲೀಸ್.

ಬೆಣ್ಣೆದೋಸೆ_ದಾವಣಗೆರೆ
ಕಾಯ್ಬೇಡಿ. ಅಪಾಯಿಂಟ್‌ಮೆಂಟ್ ತಗೊಂಡುಬಿಡಿ.

ಗೌಡ್ರಮನೆ
ನಮ್ಮ ಮಗನಿಗೂ ಮೊದಲು ರೆಫರ್ ಬಂದಿತ್ತು ಮೇಡಂ, ಆಮೇಲೆ ಪಾಸ್ ಆಯ್ತು, ಈಗ ಮನೆಯಲ್ಲಿ ಅವನದ್ದೇ ಮಾತು. ಸುಮ್ನೆ ಟೆನ್ಷನ್ ಮಾಡ್ಕೋಬೇಡಿ. ಆಸ್ಪತ್ರೆಯವರಿಗೆ ಟೆಸ್ಟ್ ಮೇಲೆ ಟೆಸ್ಟ್ ಬರೆಯೋದೇ ಕೆಲಸ. ಕೂಸು ಶಬ್ದಕ್ಕೆ ಬೆಚ್ಚಿ ಬೀಳ್ತಿದೆ ಅಂದ್ಮೇಲೆ ಇನ್ನೇನು ಬೇಕು.

ಆಡಿಯಾಲಜಿಸ್ಟ್_ಮೈಸೂರು
ಗೌಡ್ರೇ, ದಯವಿಟ್ಟು ಹಾಗೆ ಹೇಳ್ಬೇಡಿ. ನಿಮ್ಮ ಮಗನಿಗೆ ಎರಡನೇ ಸಲ ಪಾಸ್ ಆಯ್ತು, ಇವರ ಮಗೂಗೆ ಆಗಿಲ್ಲ, ವ್ಯತ್ಯಾಸ ಇರೋದೇ ಅಲ್ಲಿ. ಹುಟ್ಟಿದ ಮೊದಲ ಒಂದೆರಡು ದಿನ ಕಿವಿ ನಾಳದಲ್ಲಿ ಗರ್ಭದ ಮೇಣ, ಮಧ್ಯ ಕಿವಿಯಲ್ಲಿ ದ್ರವ ಇರುತ್ತೆ, ಅದ್ರಿಂದ ಚೆನ್ನಾಗಿ ಕೇಳೋ ಮಕ್ಕಳಿಗೂ ರೆಫರ್ ಬರೋದು ಮಾಮೂಲು. ಅದಕ್ಕೇ ಮತ್ತೊಮ್ಮೆ ಕರೀತಾರೆ. ಆಗಲೂ ಬಂದ್ರೆ ಸುಮ್ಮನೆ ಬಿಡೋ ಹಾಗಿಲ್ಲ.

ಬಾಣಂತಿ ಅವರೇ, ಒಂದೊಂದಾಗಿ ಹೇಳ್ತೀನಿ. ಓಎಇ ಅಂದ್ರೆ ಒಳಕಿವಿಯ ಕಾಕ್ಲಿಯಾ ಟೆಸ್ಟ್. ಅಲ್ಲಿರೋ ಸೂಕ್ಷ್ಮ ಕೂದಲಿನ ಜೀವಕೋಶಗಳು ಶಬ್ದ ಬಂದಾಗ ತಾವೂ ಒಂದು ತೀರಾ ಸಣ್ಣ ಶಬ್ದ ವಾಪಸ್ ಕಳಿಸ್ತವೆ, ಆ ರಬ್ಬರ್ ತುದಿಯಲ್ಲಿರೋ ಮೈಕ್ ಅದನ್ನ ಹಿಡಿಯುತ್ತೆ. ಇದನ್ನ ಮೊದಲು ರೆಕಾರ್ಡ್ ಮಾಡಿದ್ದು ಲಂಡನ್ನಿನ ಡೇವಿಡ್ ಕೆಂಪ್, 1978ರಲ್ಲಿ. ಆ ಶಬ್ದ ಬಂದ್ರೆ ಪಾಸ್. ಬರದೇ ಇದ್ರೆ ರೆಫರ್, ಅಂದ್ರೆ ಕಿವುಡು ಅಂತಲ್ಲ, ಮುಂದಿನ ಟೆಸ್ಟ್‌ಗೆ ಕಳಿಸಿ ಅಂತ ಅಷ್ಟೇ. ಕಾರಣ ದ್ರವ ಇರಬಹುದು, ಒಳಕಿವಿ ಇರಬಹುದು, ಮಗು ಅಲ್ಲಾಡಿದ್ದೂ ಇರಬಹುದು, ಎಷ್ಟು ಡೆಸಿಬೆಲ್ ತೊಂದರೆ ಅಂತ ಓಎಇ ಹೇಳೋಕೆ ಆಗಲ್ಲ.

ಬೆರಾದಲ್ಲಿ ಕರೆಂಟ್ ಕೊಡೋದೇ ಇಲ್ಲ. ಇಸಿಜಿಯಲ್ಲಿ ಎದೆಗೆ ಅಂಟಿಸಿ ಹೃದಯದ ಸಿಗ್ನಲ್ ತೆಗೆದುಕೊಳ್ತಾರಲ್ಲ ಹಾಗೇ ಇಲ್ಲಿ ಹಣೆಗೆ, ಕಿವಿ ಹಿಂದೆ ಎಲೆಕ್ಟ್ರೋಡ್ ಅಂಟಿಸಿ ಕಿವಿಗೆ ಟಕ್ ಟಕ್ ಅಂತ ಶಬ್ದ ಬಿಟ್ಟು ನರದಿಂದ ಮೆದುಳು ಕಾಂಡದವರೆಗೆ ಸಿಗ್ನಲ್ ಹೇಗೆ ಹೋಗ್ತಿದೆ ಅಂತ ನೋಡ್ತಾರೆ. ಅಲೆಗಳು ಬರ್ತವೆ, ಅದರಲ್ಲಿ ಐದನೇ ಅಲೆ ಮುಖ್ಯ, ಶಬ್ದ ಕಡಿಮೆ ಮಾಡ್ತಾ ಹೋಗಿ ಯಾವ ಡೆಸಿಬೆಲ್‌ವರೆಗೂ ಐದನೇ ಅಲೆ ಕಾಣುತ್ತೆ ಅಂತ ಗುರುತು ಮಾಡ್ತಾರೆ. ಎರಡು ತಿಂಗಳ ಮಗೂಗೆ ಔಷಧಿ ಸಾಮಾನ್ಯವಾಗಿ ಬೇಕಾಗಲ್ಲ, ಹಾಲು ಕುಡಿದು ತಾನೇ ಮಲಗಿದ್ರೆ ಸಾಕು. ನೀವು ವರ್ಷ ತುಂಬೋವರೆಗೂ ಕಾದ್ರೆ ಆಗ ಮಗು ಒಂದು ಕಡೆ ನಿಲ್ಲಲ್ಲ, ಸಿರಪ್ ಕೊಟ್ಟೇ ಮಲಗಿಸ್ಬೇಕಾಗಬಹುದು. ನಿಮ್ಮ ಅತ್ತೆಯವರ ಭಯಕ್ಕೆ ಉತ್ತರಾನೂ ಇದೇ, ಬೇಗ ಮಾಡಿಸಿದ್ರೇನೇ ಸುಲಭ.

ಇನ್ನು ಬೆಚ್ಚಿ ಬೀಳೋದು. ಬಲಗಿವಿ ಪಾಸ್ ಆಗಿದೆ ಅಂದ್ರಲ್ಲ, ಬಾಗಿಲ ಶಬ್ದಕ್ಕೆ ಆ ಒಂದು ಕಿವಿ ಸಾಕು.

ಕುಡ್ಲದ_ಅಮ್ಮ
ಹೌದು ಮಾರಾಯ್ರೆ, ಈ ಚಪ್ಪಾಳೆ ತಟ್ಟಿ ನೋಡುವುದು ಉಂಟಲ್ಲ ಅದನ್ನು ನಂಬಲೇಬೇಡಿ. ನಮ್ಮ ಪಕ್ಕದ ಮನೆಯ ಮಗು ಬಟ್ಟಲು ಬಡಿದರೆ ತಿರುಗುತ್ತಿತ್ತು, ಮಾತ್ರ ಮಾತು ಬರಲಿಲ್ಲ. ಆಮೇಲೆ ನೋಡಿದರೆ ಜೋರು ಶಬ್ದ ಕೇಳ್ತದೆ, ಮೆಲ್ಲಗೆ ಮಾತಾಡಿದ್ದು ಕೇಳುವುದೇ ಇಲ್ಲ.

ನನ್ನ ಮಗನದ್ದು ಬೇರೆ ಕಥೆ. ತಿಂಗಳು ತುಂಬುವ ಮೊದಲು ಹುಟ್ಟಿದವ, ಕಾಮಾಲೆ ಜಾಸ್ತಿ ಆಗಿ ಎನ್‌ಐಸಿಯುನಲ್ಲಿ (ಎಳೆ ಶಿಶುಗಳ ತೀವ್ರ ನಿಗಾ ಘಟಕ) ಇಟ್ಟಿದ್ದರು, ರಕ್ತ ಬದಲಿಸುವ ಮಟ್ಟಕ್ಕೆ ಹೋಗಿತ್ತು. ಅವನ ಓಎಇ ಎರಡೂ ಕಿವಿ ಪಾಸ್! ನಾವು ಖುಷಿಯಲ್ಲಿ ಮನೆಗೆ ಬಂದೆವು. ಕರೆದರೆ ಒಂದೊಂದು ಸಲ ತಿರುಗುವುದು, ಒಂದೊಂದು ಸಲ ಇಲ್ಲ. ಕೊನೆಗೆ ಬೆರಾ ಮಾಡಿದಾಗ ಅಲೆಯೇ ಇಲ್ಲ. ಆಡಿಟರಿ ನ್ಯೂರೋಪತಿ ಅಂತ ಹೇಳಿದರು, ಒಳಕಿವಿ ಶಬ್ದ ಹಿಡಿಯುತ್ತದೆ ಆದರೆ ನರದಲ್ಲಿ ಅದು ಸರಿಯಾಗಿ ಮುಂದೆ ಹೋಗುವುದಿಲ್ಲ. ಎನ್‌ಐಸಿಯುನಲ್ಲಿ ಇದ್ದ ಮಕ್ಕಳ ಅಪ್ಪ ಅಮ್ಮ ಯಾರಾದರೂ ಇದನ್ನು ಓದುತ್ತಿದ್ದರೆ ಓಎಇ ಪಾಸ್ ಅಂತ ಸುಮ್ಮನೆ ಕೂರಬೇಡಿ, ಬೆರಾ ಕೇಳಿ ಮಾಡಿಸಿ.

ಆಡಿಯಾಲಜಿಸ್ಟ್_ಮೈಸೂರು
ಇದನ್ನ ಎಲ್ಲರೂ ಎರಡು ಸಲ ಓದಿ. ಎನ್‌ಐಸಿಯು ಮಕ್ಕಳಿಗೆ ಬರೀ ಓಎಇ ಸಾಲಲ್ಲ ಅನ್ನೋದು ಇದಕ್ಕೇ.

ಡಲ್ಲಾಸ್_ಕನ್ನಡಿಗ
ಇಲ್ಲಿ ಅಮೆರಿಕದಲ್ಲಿ ಡಿಸ್ಚಾರ್ಜ್ ಆಗೋ ಮುಂಚೆನೇ ಆಸ್ಪತ್ರೇಲಿ ಮಾಡ್ತಾರೆ, ನಮ್ಮಿಬ್ಬರು ಮಕ್ಕಳಿಗೂ ಮಾಡಿದ್ರು. ಒಂದು ಮೂರು ಆರು ಅಂತ ಲೆಕ್ಕ, 1 ತಿಂಗಳ ಒಳಗೆ ಸ್ಕ್ರೀನಿಂಗ್, 3 ತಿಂಗಳ ಒಳಗೆ ಪೂರ್ತಿ ಟೆಸ್ಟ್, 6 ತಿಂಗಳ ಒಳಗೆ ಕಿವಿ ಮೆಷಿನ್ (ಹಿಯರಿಂಗ್ ಏಡ್) ಅಥವಾ ಥೆರಪಿ ಶುರು. ಇಂಡಿಯಾದಲ್ಲಿ ಯಾಕೆ ಎಲ್ಲಾ ಕಡೆ ಇಲ್ಲ ಇದು?

ಪೀಣ್ಯ_ಪ್ರೆಸ್‌ಶಾಪ್
ಅಮೆರಿಕ ಅಮೆರಿಕ ಅನ್ನೋದು ಬಿಡಿ ಸ್ವಾಮಿ, ಇಲ್ಲಿ ಹಳ್ಳಿಲಿ ಹೆರಿಗೆ ಆಗಿ ಮೂರನೇ ದಿನಕ್ಕೆ ಮನೆಗೆ ಕಳಿಸ್ತಾರೆ, ಟೆಸ್ಟ್ ಮೆಷಿನ್ ಎಲ್ಲಿಂದ ಬರ್ಬೇಕು.

ಆಡಿಯಾಲಜಿಸ್ಟ್_ಮೈಸೂರು
ಇಲ್ಲವೇ ಇಲ್ಲ ಅಂತಲೂ ಅಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ಅವರ ಹೊರಸೇವಾ ಕೇಂದ್ರಗಳು ಕೆಲವು ಜಿಲ್ಲಾ, ತಾಲೂಕು ಆಸ್ಪತ್ರೆಗಳಲ್ಲೂ ಇವೆ, ನವಜಾತ ಶಿಶುಗಳ ಸ್ಕ್ರೀನಿಂಗ್ ನಡೆಯುತ್ತೆ. ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ಯೋಜನೆಯ ಪಟ್ಟಿಯಲ್ಲೂ ಹುಟ್ಟು ಕಿವುಡುತನ ಇದೆ, ಆಶಾ ಕಾರ್ಯಕರ್ತೆಯನ್ನ ಕೇಳಿದ್ರೆ ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ, ಅಂದ್ರೆ ಮಕ್ಕಳ ತೊಂದರೆ ಬೇಗ ಪತ್ತೆ ಮಾಡೋ ಕೇಂದ್ರಕ್ಕೆ, ದಾರಿ ತೋರಿಸ್ತಾರೆ. ಆದ್ರೆ ಎಲ್ಲಾ ಹೆರಿಗೆ ಆಸ್ಪತ್ರೆಯಲ್ಲೂ ಆಗ್ತಿಲ್ಲ ಅನ್ನೋ ಸಿಟ್ಟು ನನಗೂ ಇದೆ. ಮೂರು ವರ್ಷ ಆದ್ರೂ ಮಾತು ಬಂದಿಲ್ಲ ಅಂತ ಕರ್ಕೊಂಡು ಬರ್ತಾರೆ, ಮೊದಲ ಟೆಸ್ಟೇ ಆವತ್ತು. ಆ ಮೂರು ವರ್ಷ ಯಾರೂ ವಾಪಸ್ ಕೊಡೋಕೆ ಆಗಲ್ಲ.

ಸತ್ಯವಾನ್_77
ಸಂಬಂಧದಲ್ಲಿ ಮದುವೆನಾ ನಿಮ್ಮದು? ಸೋದರಮಾವನ್ನ ಮದ್ವೆ ಆದ್ರೆ ಹೀಗೇ ಆಗೋದು.

ಬೆಣ್ಣೆದೋಸೆ_ದಾವಣಗೆರೆ
ಏನ್ರೀ ಇದು, ಎಳೇ ಬಾಣಂತಿ ಹತ್ರ ಮಾತಾಡೋ ರೀತಿನಾ?

ಆಡಿಯಾಲಜಿಸ್ಟ್_ಮೈಸೂರು
ಆ ಪ್ರಶ್ನೆ ಆಡಿಯಾಲಜಿಸ್ಟ್ ಕೂಡ ಕೇಳೇ ಕೇಳ್ತಾರೆ, ಹತ್ತಿರದ ಸಂಬಂಧದಲ್ಲಿ ಮದುವೆ ಆದಾಗ ಹುಟ್ಟು ಕಿವುಡುತನದ ಸಾಧ್ಯತೆ ಹೆಚ್ಚು ಅನ್ನೋದು ನಿಜ. ಆದ್ರೆ ಕೇಳೋದು ಕಾರಣ ಹುಡುಕೋಕೆ, ಮುಂದಿನ ಮಗುವಿನ ಬಗ್ಗೆ ಸಲಹೆ ಕೊಡೋಕೆ. ಅಮ್ಮನ ಮೇಲೆ ಗೂಬೆ ಕೂರ್ಸೋಕಲ್ಲ. ಸಂಬಂಧ ಇಲ್ಲದ ಮನೆಗಳಲ್ಲೂ, ವಂಶದಲ್ಲಿ ಯಾರಿಗೂ ಇಲ್ಲದೇ ಇದ್ರೂ ಮಕ್ಕಳಿಗೆ ಬರುತ್ತೆ.

ಬಾಣಂತಿ_ಚಿಕ್ಕಮಗಳೂರು
ನಮ್ಮದು ಸಂಬಂಧ ಅಲ್ಲ. ಎಲ್ಲರಿಗೂ ಥ್ಯಾಂಕ್ಸ್, ಕುಡ್ಲದ ಅಕ್ಕ ನಿಮ್ಮ ಮಾತು ನಮ್ಮೆಜಮಾನ್ರಿಗೆ ಓದಿ ಹೇಳ್ದೆ, ಒಪ್ಕೊಂಡ್ರು. ಟೆಸ್ಟ್‌ಗೆ ಹೋಗೋ ಮುಂಚೆ ಏನು ರೆಡಿ ಮಾಡ್ಕೋಬೇಕು?

ಕುಡ್ಲದ_ಅಮ್ಮ
ಮುಖ್ಯ ವಿಷಯ, ಆ ದಿನ ಎಣ್ಣೆ ಸ್ನಾನ ಬೇಡವೇ ಬೇಡ. ತಲೆಗೆ, ಹಣೆಗೆ ಎಣ್ಣೆ ಇದ್ದರೆ ಎಲೆಕ್ಟ್ರೋಡ್ ಅಂಟುವುದಿಲ್ಲ, ಹಿಂದಿನ ದಿನವೇ ಚೆನ್ನಾಗಿ ತೊಳೆಯಿರಿ. ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಮಲಗಲು ಬಿಡಬೇಡಿ, ಅಲ್ಲಿ ಹೋಗಿ ಎಲೆಕ್ಟ್ರೋಡ್ ಅಂಟಿಸಿದ ಮೇಲೆ ಹಾಲು ಕೊಡಿ, ತನ್ನಿಂದ ತಾನೇ ನಿದ್ದೆ ಬರ್ತದೆ. ಕಾರಿನಲ್ಲಿ ಮಲಗಿಬಿಟ್ಟರೆ ಅಲ್ಲಿ ಕಣ್ಣು ಬಿಟ್ಟು ಆಡ್ತಾ ಕೂರ್ತದೆ, ಎಲ್ಲರೂ ಕಾಯಬೇಕು. ಎರಡು ಜೊತೆ ಬಟ್ಟೆ, ಹೊದಿಕೆ ಇಟ್ಟುಕೊಳ್ಳಿ, ರೂಮಿನಲ್ಲಿ ಎಸಿ ಇರ್ತದೆ.

ಆಡಿಯಾಲಜಿಸ್ಟ್_ಮೈಸೂರು
ಎಲ್ಲಾ ಸರಿ ಹೇಳಿದ್ರಿ. ಜೊತೆಗೆ ಎರಡು ಕೇಳಿ. ಟಿಂಪನೋಮೆಟ್ರಿ ಮಾಡ್ತಾರಾ ಅಂತ ಕೇಳಿ, ಕಿವಿಯಲ್ಲಿ ಗಾಳಿ ಒತ್ತಡ ಸ್ವಲ್ಪ ಏರಿಸಿ ಇಳಿಸಿ ತಮಟೆ ಪರದೆ ಎಷ್ಟು ಅಲ್ಲಾಡುತ್ತೆ ಅಂತ ನೋಡೋದು, ಹಿಂದೆ ದ್ರವ ಇದ್ರೆ ಗ್ರಾಫ್ ಚಪ್ಪಟೆ ಬರುತ್ತೆ. ದೊಡ್ಡವರಿಗೆ 226 ಹರ್ಟ್ಸ್ ಶಬ್ದ ಬಳಸ್ತಾರೆ, ಆರು ತಿಂಗಳೊಳಗಿನ ಮಕ್ಕಳಿಗೆ 1000 ಹರ್ಟ್ಸ್‌ನಲ್ಲೇ ಮಾಡ್ಬೇಕು, ಇಲ್ಲಾಂದ್ರೆ ದ್ರವ ಇದ್ರೂ ನಾರ್ಮಲ್ ಅಂತ ತೋರಿಸಬಹುದು. ಎರಡನೇದು, ಎಡಗಿವಿ ಬೆರಾ ಕಮ್ಮಿ ಬಂದ್ರೆ ಮೂಳೆ ಮೂಲಕನೂ ಶಬ್ದ ಕೊಟ್ಟು ನೋಡಿ ಅನ್ನಿ. ಮೂಳೆಯಲ್ಲಿ ಚೆನ್ನಾಗಿ ಬಂದ್ರೆ ತೊಂದರೆ ಹೊರಗಡೆ ಅಥವಾ ಮಧ್ಯ ಕಿವಿಯದ್ದು, ಎರಡರಲ್ಲೂ ಒಂದೇ ಥರ ಕಮ್ಮಿ ಬಂದ್ರೆ ಒಳಕಿವಿ ಅಥವಾ ನರದ್ದು.

ಇನ್ನೊಂದು, ಕಿವಿಗೆ ಬಿಸಿ ಎಣ್ಣೆ ಬಿಡೋದು ನಿಮ್ಮನೇಲೂ ಇದ್ರೆ ಇವತ್ತೇ ನಿಲ್ಲಿಸಿ.

ಗೌಡ್ರಮನೆ
ಎಣ್ಣೆ ಬಿಡೋದು ತಲೆತಲಾಂತರದಿಂದ ಮಾಡ್ಕೊಂಡು ಬಂದಿದ್ದೀವಿ, ನಮ್ಮಜ್ಜಿ ಬೆಳ್ಳುಳ್ಳಿ ಹಾಕಿ ಕಾಯಿಸಿ ಬಿಡ್ತಿದ್ರು, ನಮ್ಮ ಕಿವಿಗೇನಾಗಿದೆ?

ಆಡಿಯಾಲಜಿಸ್ಟ್_ಮೈಸೂರು
ನಿಮಗೆ ಏನೂ ಆಗಿಲ್ಲ ಅಂದ್ರೆ ಸಂತೋಷ. ತಮಟೆಯಲ್ಲಿ ತೂತು ಇದ್ದೋರಿಗೆ ಆ ಎಣ್ಣೆ ನೇರ ಮಧ್ಯ ಕಿವಿಗೆ ಇಳಿಯುತ್ತೆ, ತೂತು ಇದೆಯೋ ಇಲ್ಲವೋ ಓಟೋಸ್ಕೋಪ್ ಹಾಕಿ ನೋಡದೇ ಯಾರಿಗೂ ಗೊತ್ತಾಗಲ್ಲ. ನಾವು ಯಾವ ಟೆಸ್ಟ್‌ಗೂ ಮುಂಚೆ ಮೊದಲು ಮಾಡೋದೇ ಅದನ್ನ.

ಹುಬ್ಬಳ್ಳಿ_ಮಂದಿ
ವಿಷಯ ಬ್ಯಾರೆ ಆದ್ರೂ ಕೇಳ್ತೀನಿ. ನಮ್ಮಪ್ಪಗ ಎಪ್ಪತ್ತು ದಾಟ್ಯಾವ, ಟಿವಿ ದೊಡ್ಡದಾಗಿ ಇಡ್ತಾರ, ಕೇಳಿದ್ರ ‘ನನಗ ಕೇಳಸ್ತೈತಿ, ನೀವ ಸ್ವಚ್ಛ ಮಾತಾಡಂಗಿಲ್ಲ’ ಅಂತಾರ. ಒಂದು ಕಿವಿ ಮೆಷಿನ್ ಅಂಗಡಿಯೊಳಗ ಫ್ರೀ ಟೆಸ್ಟ್ ಅಂತ ಕರ್ಕೊಂಡ ಹೋಗಿದ್ವಿ. ಮ್ಯಾಲೆ ಫ್ಯಾನ್ ತಿರಗಾಕತ್ತಿತ್ತು, ಬಾಜೂಕ ಮಂದಿ ಮಾತಾಡಾಕತ್ತಿದ್ರು, ಹೆಡ್‌ಫೋನ್ ಹಾಕಿ ಹತ್ತು ನಿಮಿಷದಾಗ ಮುಗಿಸಿ ಎರಡೂ ಕಿವಿಗೆ ಮೆಷಿನ್ ಬೇಕು ಅಂದ್ರು. ರಿಪೋರ್ಟ್ ಕೇಳಿದ್ರ ಕೊಡಲಿಲ್ಲ. ಅಪ್ಪಾರು ಸಿಟ್ಟಾಗಿ ಎದ್ದು ಬಂದ್ರು, ಈಗ ಯಾವ ಟೆಸ್ಟಿಗೂ ಬರಂಗಿಲ್ಲ ಅಂತ ಕುಂತಾರ. ಏನ್ ಮಾಡೂದು?

ಆಡಿಯಾಲಜಿಸ್ಟ್_ಮೈಸೂರು
ನಿಮ್ಮ ತಂದೆಯವರು ಹೇಳ್ತಿರೋದು ನೂರಕ್ಕೆ ನೂರು ಸತ್ಯ, ಮೊದಲು ಅವರಿಗೆ ಹಾಗಂತ ಹೇಳಿ, ಅರ್ಧ ಕೋಪ ಇಳಿಯುತ್ತೆ. ವಯಸ್ಸಾದಾಗ ಮೊದಲು ಹೋಗೋದು ತೆಳು ಸ್ವರಗಳು, ಅಂದ್ರೆ ಹೈ ಫ್ರೀಕ್ವೆನ್ಸಿ. ‘ಸ’, ‘ಶ’, ‘ತ’, ‘ಚ’ ಇಂಥಾ ಅಕ್ಷರಗಳ ಸ್ಪಷ್ಟತೆ ಇರೋದು ಅಲ್ಲಿ. ಮಾತಿನ ಗದ್ದಲ ಪೂರ್ತಿ ಕೇಳುತ್ತೆ, ಯಾವ ಪದ ಅಂತ ಬಿಡಿಸಿ ತಿಳಿಯಲ್ಲ. ಅದಕ್ಕೇ ನಾವು ಜೋರಾಗಿ ಕಿರುಚಿದ್ರೆ ಅವರಿಗೆ ಹಿಂಸೆ ಜಾಸ್ತಿ. ಎದುರು ಕೂತು, ಮುಖ ಕಾಣೋ ಹಾಗೆ, ನಿಧಾನವಾಗಿ ಮಾತಾಡಿ.

ಟೆಸ್ಟ್ ಅಂದ್ರೆ ಪಿಟಿಎ, ಪ್ಯೂರ್ ಟೋನ್ ಆಡಿಯೋಮೆಟ್ರಿ. ಶಬ್ದ ಒಳಗೆ ಬರದ ಬೂತ್‌ನಲ್ಲಿ ಕೂರಿಸಿ 250ರಿಂದ 8000 ಹರ್ಟ್ಸ್‌ವರೆಗೆ ಒಂದೊಂದೇ ಸ್ವರ ಬಿಟ್ಟು ಎಷ್ಟು ಕಮ್ಮಿ ಶಬ್ದಕ್ಕೆ ಕೈ ಎತ್ತುತ್ತಾರೆ ಅಂತ ಗ್ರಾಫ್ ಹಾಕ್ತಾರೆ, ಬಲಗಿವಿ ಕೆಂಪು ಸೊನ್ನೆ, ಎಡಗಿವಿ ನೀಲಿ ಗುಣಿಸು ಗುರುತು. ಆಮೇಲೆ ಕಿವಿ ಹಿಂದಿನ ಮೂಳೆಗೆ ವೈಬ್ರೇಟರ್ ಇಟ್ಟು ಮತ್ತೆ ಅದೇ. ಬೇಕಾದಾಗ ಇನ್ನೊಂದು ಕಿವಿಗೆ ಸುಯ್ ಅನ್ನೋ ಶಬ್ದ ಬಿಡ್ತಾರೆ, ಚೆನ್ನಾಗಿರೋ ಕಿವಿ ಈ ಕಿವಿಯ ಪಾಲಿನ ಉತ್ತರ ಹೇಳಿಬಿಡಬಾರದು ಅಂತ. ಕೊನೆಗೆ ಕನ್ನಡದ ಪದಗಳನ್ನ ಕೇಳಿಸಿ ಹೇಳೋಕೆ ಹೇಳ್ತಾರೆ, ನಿಮ್ಮ ತಂದೆಗೆ ಎಲ್ಲಕ್ಕಿಂತ ಮುಖ್ಯವಾದ್ದು ಅದೇ, ಯಾಕಂದ್ರೆ ಅವರ ದೂರೇ ಪದ ತಿಳಿಯಲ್ಲ ಅನ್ನೋದು. ಮೆಷಿನ್ ಎಷ್ಟು ಉಪಯೋಗ ಆಗಬಹುದು ಅಂತಾನೂ ಅದರಿಂದ ಅಂದಾಜು ಸಿಗುತ್ತೆ. ಮೂಳೆ ಟೆಸ್ಟೂ ಮಾಡದೆ, ಪದ ಟೆಸ್ಟೂ ಮಾಡದೆ, ಕಿವಿಯೊಳಗೆ ಮೇಣ ಇದೆಯಾ ಅಂತಾನೂ ನೋಡದೆ ಮೆಷಿನ್ ಮಾರೋಕೆ ಬಂದ್ರೆ ಎದ್ದು ಬಂದಿದ್ದೇ ಸರಿ. ಟೆಸ್ಟ್ ಮಾಡೋರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನಂಬರ್ ಕೇಳಿ, ರಿಪೋರ್ಟ್ ಕಾಪಿ ನಿಮ್ಮ ಹಕ್ಕು.

ಟೆಕ್ಕಿ_ಜಯನಗರ
ಇಷ್ಟೆಲ್ಲಾ ಯಾಕೆ, ಫೋನಲ್ಲೇ ಆಪ್ ಇದೆ, ಇಯರ್‌ಬಡ್ಸ್ ಹಾಕ್ಕೊಂಡ್ರೆ ಐದು ನಿಮಿಷದಲ್ಲಿ ಗ್ರಾಫ್ ಬರುತ್ತೆ. ನಾನು ಮನೆಯವರಿಗೆಲ್ಲಾ ಮಾಡ್ದೆ.

ಪೀಣ್ಯ_ಪ್ರೆಸ್‌ಶಾಪ್
ನಿಮ್ಮ ಇಯರ್‌ಬಡ್ಸ್‌ನಿಂದ ಎಷ್ಟು ಡೆಸಿಬೆಲ್ ಬರ್ತಿದೆ ಅಂತ ಯಾರು ಅಳೆದಿದ್ದಾರೆ?

ಆಡಿಯಾಲಜಿಸ್ಟ್_ಮೈಸೂರು
ಆಪ್ ಪೂರ್ತಿ ವೇಸ್ಟ್ ಅನ್ನಲ್ಲ. ವಿಶ್ವ ಆರೋಗ್ಯ ಸಂಸ್ಥೆನೇ 2019ರಲ್ಲಿ ಹಿಯರ್‌ಡಬ್ಲ್ಯೂಎಚ್‌ಒ ಅಂತ ಒಂದು ಬಿಟ್ಟಿದೆ, ಗದ್ದಲದ ಮಧ್ಯೆ ಅಂಕಿ ಹೇಳುತ್ತೆ, ನೀವು ಒತ್ತಬೇಕು. ತೊಂದರೆ ಇರಬಹುದು ಅಂತ ಎಚ್ಚರಿಸೋಕೆ ಸಾಕು. ಮೂಳೆ ಟೆಸ್ಟ್ ಇಲ್ಲ, ಇನ್ನೊಂದು ಕಿವಿಗೆ ಸುಯ್ ಶಬ್ದ ಬಿಡೋ ಮಾಸ್ಕಿಂಗ್ ಇಲ್ಲ, ಹಾಗಾಗಿ ಯಾವ ಭಾಗದ ತೊಂದರೆ ಅಂತ ಅದು ಹೇಳಲ್ಲ. ಆಪ್ ಗ್ರಾಫ್ ನಂಬಿ ಡಾಕ್ಟರ್ ಹತ್ರ ಹೋಗದೇ ಇರೋದು ಮಾತ್ರ ತಪ್ಪು.

ಪೀಣ್ಯ_ಪ್ರೆಸ್‌ಶಾಪ್
ನನ್ನದೂ ಹೇಳ್ಬಿಡ್ತೀನಿ. ಪ್ರೆಸ್ ಶಾಪಲ್ಲಿ ಬಹಳ ವರ್ಷದಿಂದ ಕೆಲಸ. ನಮ್ಮ ಕಡೆ ವರ್ಷಕ್ಕೊಂದು ಕ್ಯಾಂಪ್ ಮಾಡ್ತಾರೆ, ನೈಟ್ ಶಿಫ್ಟ್ ಮುಗಿಸಿ ಹೊರಗೆ ಬರ್ತಿದ್ದ ಹಾಗೇ ಕ್ಯಾಂಟೀನ್ ಪಕ್ಕ ಕೂರಿಸಿ ಹೆಡ್‌ಫೋನ್ ಹಾಕ್ತಾರೆ. ನನ್ನ ಗ್ರಾಫಲ್ಲಿ 4000 ಹರ್ಟ್ಸ್ ಹತ್ರ ಗುಂಡಿ ಬಿದ್ದಿದೆ, ಎರಡೂ ಕಿವಿಗೆ. ಸೂಪರ್‌ವೈಸರ್ ಹೇಳಿದ್ದು ವಯಸ್ಸು ಅಂತ. ನನಗೆ ನಲವತ್ತು ಆಗಿಲ್ಲ ಇನ್ನೂ.

ಆಡಿಯಾಲಜಿಸ್ಟ್_ಮೈಸೂರು
ವಯಸ್ಸಿನದ್ದು 8000 ಕಡೆಗೆ ಇಳಿಜಾರು ಹೋಗುತ್ತೆ. 4000 ಹತ್ರ ಗುಂಡಿ ಬಿದ್ದು 8000ದಲ್ಲಿ ಮತ್ತೆ ಮೇಲೆ ಬಂದಿದ್ರೆ ಅದು ಶಬ್ದದ ಗುರುತು. ಆದ್ರೆ ಶಿಫ್ಟ್ ಮುಗಿದ ತಕ್ಷಣ ಮಾಡಿದ ಟೆಸ್ಟ್ ಸರಿಯಲ್ಲ, ಕಿವಿ ದಣಿದಿರುತ್ತೆ, ಕಮ್ಮಿ ಕೇಳೋದು ಸ್ವಲ್ಪ ತಾತ್ಕಾಲಿಕ ಇರಬಹುದು. ರಜೆ ಮುಗಿಸಿ ಕೆಲಸಕ್ಕೆ ಹೋಗೋ ಮುಂಚೆ, ಕಡಿಮೆ ಅಂದ್ರೂ 14 ಗಂಟೆ ಗದ್ದಲ ಇಲ್ಲದೆ ಇದ್ದು, ಬೂತ್‌ನಲ್ಲಿ ಮಾಡಿಸಿ. ಆಗಲೂ ಗುಂಡಿ ಇದ್ರೆ ಅದು ವಾಪಸ್ ಬರಲ್ಲ, ಉಳಿದಿದ್ದನ್ನ ಉಳಿಸ್ಕೋಬೇಕು. ಶಬ್ದದಿಂದ ಬರೋ ಕಿವುಡು ಕಾರ್ಖಾನೆ ಕಾಯ್ದೆಯ ಮೂರನೇ ಶೆಡ್ಯೂಲ್‌ನ ರೋಗಗಳ ಪಟ್ಟಿಯಲ್ಲೇ ಇತ್ತು, ಅಂದ್ರೆ ಸರ್ಕಾರಕ್ಕೆ ವರದಿ ಮಾಡ್ಬೇಕಾದ ರೋಗ. ಎಲ್ಲಾ ವರ್ಷದ ಗ್ರಾಫ್ ಕಾಪಿ ಎತ್ತಿಟ್ಟುಕೊಳ್ಳಿ.

ಸತ್ಯವಾನ್_77
ಕಾಂಪೆನ್ಸೇಷನ್‌ಗೋಸ್ಕರ ಕೇಳ್ಸಲ್ಲ ಅಂತ ನಾಟಕ ಮಾಡೋರೂ ಇರ್ತಾರೆ. ಕೈ ಎತ್ತದೇ ಇದ್ರೆ ಆಯ್ತು.

ಆಡಿಯಾಲಜಿಸ್ಟ್_ಮೈಸೂರು
ಸಿಕ್ಕಿಬೀಳ್ತಾರೆ. ಪದದ ಟೆಸ್ಟ್‌ಗೂ ಪಿಟಿಎ ಸರಾಸರಿಗೂ ಹತ್ತು ಡೆಸಿಬೆಲ್ ಆಚೀಚೆ ತಾಳೆ ಆಗ್ಬೇಕು, ಆಗದೇ ಇದ್ರೆ ಅನುಮಾನ. ಒಂದೇ ಕಿವಿ ಕೇಳಲ್ಲ ಅನ್ನೋರಿಗೆ ಸ್ಟೆಂಗರ್ ಟೆಸ್ಟ್ ಇದೆ. ಕೊನೆಗೆ ಬೆರಾ, ಅಲ್ಲಿ ಕೈ ಎತ್ತೋ ಪ್ರಶ್ನೆನೇ ಇಲ್ಲ. ಆದ್ರೆ ನಾನು ನೋಡಿರೋದ್ರಲ್ಲಿ ಸುಳ್ಳು ಹೇಳೋರಿಗಿಂತ ಕೇಳದೇ ಇದ್ರೂ ಕೇಳುತ್ತೆ ಅಂತ ಮುಚ್ಚಿಡೋರೇ ಜಾಸ್ತಿ, ಅದರಲ್ಲೂ ಮದುವೆಗಿರೋ ಹೆಣ್ಣುಮಕ್ಕಳ ಮನೆಯವರು.

ಬಾಣಂತಿ_ಚಿಕ್ಕಮಗಳೂರು
ಬೆರಾ ಆಯ್ತು. ಔಷಧಿ ಇಲ್ಲದೇ ಮಲಗಿದ್ಲು. ಬಲಗಿವಿ 30 ಡೆಸಿಬೆಲ್‌ವರೆಗೂ ಅಲೆ ಬಂತು, ಚೆನ್ನಾಗಿದೆ ಅಂದ್ರು. ಎಡಗಿವಿ 60ಕ್ಕೆ ನಿಂತು ಹೋಯ್ತು, ಮೂಳೆಯಲ್ಲೂ ಹಾಗೇ, ಟಿಂಪನೋಮೆಟ್ರಿ ನಾರ್ಮಲ್. ಅಂದ್ರೆ ಒಳಕಿವಿದೇ. ಡಾಕ್ಟರ್ ಮಾತಾಡ್ತಿದ್ದಾಗ ಪೂರ್ತಿ ಕೇಳಿಸ್ಕೊಳ್ಳೋಕೇ ಆಗ್ಲಿಲ್ಲ ನನಗೆ. ಅತ್ತೆ ಮಗೂನ ಎತ್ಕೊಂಡು ಹೊರಗೆ ಹೋದ್ರು, ಆಮೇಲೆ ವಾಪಸ್ ಬಂದು ಮುಂದೇನು ಮಾಡ್ಬೇಕು ಹೇಳಿ ಅಂತ ಅವರೇ ಕೇಳಿದ್ರು. ಮತ್ತೊಮ್ಮೆ ಟೆಸ್ಟ್ ಮಾಡಿ ಹಿಯರಿಂಗ್ ಏಡ್ ವಿಷಯ ತೀರ್ಮಾನ ಮಾಡೋಣ ಅಂದಿದ್ದಾರೆ. ಮಾತು ಬರುತ್ತಾ ಮೇಡಂ? ಅಂಗವಿಕಲ ಸರ್ಟಿಫಿಕೇಟ್ ಏನಾದ್ರೂ ಮಾಡಿಸ್ಬೇಕಾ?

ಆಡಿಯಾಲಜಿಸ್ಟ್_ಮೈಸೂರು
ಮಾತು ಕಲಿಯೋಕೆ ಬಲಗಿವಿಯೇ ದೊಡ್ಡ ಆಸರೆ, ಧೈರ್ಯವಾಗಿರಿ. ಒಂದೇ ಕಿವಿ ಇದ್ರೆ ಕಷ್ಟ ಆಗೋದು ಶಬ್ದ ಯಾವ ಕಡೆಯಿಂದ ಬಂತು ಅನ್ನೋದು, ಗದ್ದಲದಲ್ಲಿ ಮಾತು ಹಿಡಿಯೋದು. ಎಡಗಿವಿಯಲ್ಲಿ ಉಳಿದಿರೋದನ್ನ ಏಡ್‌ನಿಂದ ಬಳಸ್ಕೋಬಹುದಾ ಅಂತ ಅವರು ನೋಡ್ತಾರೆ, ಫಾಲೋಅಪ್ ಒಂದೂ ತಪ್ಪಿಸ್ಬೇಡಿ, ಯಾಕಂದ್ರೆ ಚೆನ್ನಾಗಿರೋ ಕಿವಿಯನ್ನೂ ಕಾಯ್ಕೋಬೇಕು. ನೆಗಡಿ, ಕಿವಿ ಸೋರೋದು ಬಂದ್ರೆ ತಡ ಮಾಡ್ಬೇಡಿ. ಆರು ತಿಂಗಳು ದಾಟಿದ ಮೇಲೆ ಶಬ್ದ ಬಂದ ಕಡೆ ತಿರುಗಿದ್ರೆ ಲೈಟ್ ಹತ್ತೋ ಗೊಂಬೆ ತೋರಿಸಿ ಟೆಸ್ಟ್ ಮಾಡ್ತಾರೆ, ಮೂರು ವರ್ಷದ ಹೊತ್ತಿಗೆ ಶಬ್ದ ಕೇಳಿದಾಗೆಲ್ಲಾ ಡಬ್ಬಿಗೆ ಮಣಿ ಹಾಕೋ ಆಟದಲ್ಲಿ. ಬೆರಾ ಅಂದಾಜನ್ನ ಇವೆಲ್ಲಾ ಸೇರಿ ಖಚಿತ ಮಾಡ್ತವೆ.

ಸರ್ಟಿಫಿಕೇಟ್ ಸಿಗಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಎರಡೂ ಕಿವಿಯಲ್ಲಿ 60 ಡೆಸಿಬೆಲ್ ಅಥವಾ ಹೆಚ್ಚು ನಷ್ಟ ಇರಬೇಕು.

ಹುಬ್ಬಳ್ಳಿ_ಮಂದಿ
ಅಕ್ಕಾರ, ನಿಮ್ಮ ಅತ್ತಿಯಾರು ಭಾಳ ದೊಡ್ಡ ಮನಸ್ಸಿನವ್ರು. ನಮ್ಮ ಅಪ್ಪಾರೂ ಒಪ್ಪ್ಯಾರ ಈಗ, ‘ನಿಮ್ಮ ಮಾತು ಖರೇ ಅಂತ ಡಾಕ್ಟರೇ ಹೇಳ್ಯಾರ’ ಅಂದೆ, ಮುಂದಿನ ವಾರ ಬರ್ತೀನಿ ಅಂದ್ರು.

ಟೆಕ್ಕಿ_ಜಯನಗರ
ಇಲ್ಲೇ ಕೇಳ್ತೀನಿ ಮೇಡಂ, ನಮ್ಮ ಅಣ್ಣನಿಗೆ ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಬಲಗಿವಿ ಬ್ಲಾಕ್ ಆದ ಹಾಗಿದೆ, ಗುಂಯ್ ಅಂತಿದೆ. ನೆಗಡಿ ಇಲ್ಲ. ಮೇಣ ಇರಬೇಕು ಅಂತ ಡ್ರಾಪ್ಸ್ ಹಾಕ್ತಿದ್ದಾನೆ.

ಆಡಿಯಾಲಜಿಸ್ಟ್_ಮೈಸೂರು
ಡ್ರಾಪ್ಸ್ ನಿಲ್ಲಿಸಿ ಇವತ್ತೇ ಇಎನ್‌ಟಿ ಡಾಕ್ಟರ್ ಹತ್ರ ಕಳಿಸಿ. ಇದ್ದಕ್ಕಿದ್ದ ಹಾಗೆ ನರದ ಕಡೆಯಿಂದ ಕೇಳಿಸದೇ ಹೋಗೋದು ಎಮರ್ಜೆನ್ಸಿ, ಸ್ಟೆರಾಯ್ಡ್ ಬೇಗ ಶುರು ಮಾಡಿದಷ್ಟೂ ಒಳ್ಳೇದು. ಅವರು 512 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ ತಟ್ಟಿ ಹಣೆ ಮೇಲೆ ಇಡ್ತಾರೆ, ವೆಬರ್ ಟೆಸ್ಟ್. ಬಲಗಿವಿಗೇ ಜೋರಾಗಿ ಕೇಳಿದ್ರೆ ಮೇಣ ಅಥವಾ ದ್ರವದ ಕಡೆ ವಾಲುತ್ತೆ, ಎಡಗಿವಿಗೆ ಹೋದ್ರೆ ನರ. ತಕ್ಷಣ ಪಿಟಿಎ ಮಾಡಿಸಿ ಕಾಪಿ ಇಟ್ಕೊಳ್ಳಿ, ಚೇತರಿಕೆ ಅಳೆಯೋದು ಅದರಿಂದಲೇ.

ಟೆಕ್ಕಿ_ಜಯನಗರ
ಹೋಗಿ ಬಂದ್ವಿ. ಮೇಣ ಏನೂ ಇಲ್ಲ, ಫೋರ್ಕ್ ಶಬ್ದ ಎಡಗಿವಿಗೆ ಹೋಯ್ತು. ಪಿಟಿಎ ಮಾಡಿದ್ರು, ಮಾತ್ರೆ ಶುರು ಮಾಡಿದ್ದಾರೆ, ಮುಂದಿನ ವಾರ ಮತ್ತೆ ಗ್ರಾಫ್.